ಲಾಮರ್ಟ್ ತನ್ನ ಸೈಕಲ್ಲನ್ನೇ ಉಟ್ರೆಕ್ಟಿಗೆ ಒಯ್ದದ್ದು

"ಅಲ್ಲ ಮಾರಾಯ, ಉಟ್ರೆಕ್ಟಿಗೆ ಇಲ್ಲಿಂದ ಸೈಕಲ್ ಹೊತ್ಕೊಂಡು ಹೋಗ್ತೀಯಾ? ಅಲ್ಲಿ ಮನುಷ್ಯರಿಗಿಂತ ಸೈಕಲ್ ಜಾಸ್ತಿ. ಸ್ಟೇಷನ್ನಿಂದ ಆಚೆ ಕಾಲಿಟ್ರೆ ಸೈಕಲ್ಲೇ ಕಾಲಿಗೆ ತೊಡರ್ಕೊಳ್ತವೆ. ಬಾಡಿಗೆಗೆ ಒಂದು ತಗೊಂಡ್ರೆ ಆಯ್ತಪ್ಪ!"

ಬೇಲಿಯ ಆಚೆ ನಿಂತು ಹೀಗೆ ಹೇಳಿದವನು ಪಕ್ಕದ ಮನೆಯ ವೊಲ್ಟರ್. ವೊಲ್ಟರನಿಗೆ ಬಾಯಿ ಸುಮ್ಮನಿರುವುದಿಲ್ಲ. ಚರ್ಚಿನಲ್ಲಿ ಪ್ರಾರ್ಥನೆಯ ನಡುವೆಯೂ ಅವನಿಗೆ ಏನಾದರೊಂದು ಹೇಳಬೇಕೆನಿಸುತ್ತದೆ. ಲಾಮರ್ಟ್ ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತು ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದ. ತಲೆ ಎತ್ತಲಿಲ್ಲ.

"ಬಾಡಿಗೆ ಸೈಕಲ್ ಬೇಡ. ಇದರ ಬ್ರೇಕು ನನ್ನ ಕಾಲಿಗೆ ಗೊತ್ತು" ಎಂದ. ಪೆಡಲನ್ನು ಹಿಂದಕ್ಕೆ ತುಳಿದರೆ ಬ್ರೇಕು ಬೀಳುವ ಸೈಕಲ್ ಅದು.

ವೊಲ್ಟರ್ ಇನ್ನೇನೋ ತಮಾಷೆ ಮಾಡುವುದಕ್ಕೆ ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಉಟ್ರೆಕ್ಟಿನಲ್ಲಿ ಲಾಮರ್ಟನಿಗೆ ಬ್ರೇಕಿನದೇನು ಕೆಲಸ ಎಂಬುದು ಅವನಿಗೆ ಆಗ ಹೊಳೆಯಿತು. ಲಾಮರ್ಟನ ಮಗಳ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಮುಂದಿನ ಬಲಗಡೆಯವನು ಅವನೇ. ನಮ್ಮ ಕಡೆ ಪಕ್ಕದ ಮನೆಯವರೇ ಹೊರಬೇಕು, ನೆಂಟರಲ್ಲ. "ಸರಿ ಬಿಡು, ಹೋಗ್ಬಾ" ಎಂದಷ್ಟೇ ಹೇಳಿ ಕೋಳಿಗಳಿಗೆ ಕಾಳು ಹಾಕಲು ಹೋದ.

ಲಾಮರ್ಟ್ ಐಸಿಂಗ್ ನಮ್ಮೂರಿನವನೇ. ನಮ್ಮೂರೆಂದರೆ ದೇಶದ ಉತ್ತರಕ್ಕೆ, ಡ್ರೆಂತೆ ಸೀಮೆಯಲ್ಲಿ, ಬೇಲೆನ್ ಪೇಟೆಗೆ ಹತ್ತಿರ, ಒಂದು ಚರ್ಚು, ಒಂದು ಶಾಲೆ, ಒಂದು ಬೇಕರಿ, ಮತ್ತೆ ಎತ್ತ ನೋಡಿದರೂ ಆಲೂಗಡ್ಡೆ ಹೊಲ. ಅವನು ಹುಟ್ಟಿದ್ದು ಈಗಿರುವ ಮನೆಯಲ್ಲೇ. ಶಾಲೆ ಬಿಟ್ಟವನು ನೇರ ಆಲೂಗಡ್ಡೆ ಹಿಟ್ಟಿನ ಕಾರ್ಖಾನೆಗೆ ಸೇರಿದ, ಇವತ್ತಿಗೂ ಅಲ್ಲೇ ಇದ್ದಾನೆ. ಮಳೆ ಬರಲಿ, ಹಿಮ ಬೀಳಲಿ, ಎದುರುಗಾಳಿಗೆ ಮೂಗು ಕಿತ್ತು ಬರಲಿ, ಸೈಕಲ್ಲಲ್ಲೇ ಹೋಗಿ ಸೈಕಲ್ಲಲ್ಲೇ ಬಂದ. ಮಾತು ಕಮ್ಮಿ. ಹಿಡಿದ ಪಟ್ಟು ಬಿಡುವವನಲ್ಲ. ಯಾಂತಿನಾಳನ್ನು ಮದುವೆಯಾಗಲು ಕೇಳಿದ್ದು ಕೂಡ ಬೇಕರಿಯ ಮುಂದೆ ಸೈಕಲ್ಲಿಂದ ಇಳಿಯದೆ, ಒಂದು ಕಾಲು ನೆಲಕ್ಕೆ ಊರಿಕೊಂಡು. "ಇಳಿದು ಕೇಳಿದ್ರೆ ಹೇಳ್ತೀನಿ" ಎಂದಿದ್ದಳಂತೆ ಅವಳು. ಯಾಂತಿನಾಳ ನಾಲಗೆ ಆಗಲೂ ಹಾಗೇ, ಈಗಲೂ ಹಾಗೇ.

ಅವರಿಗೆ ಒಬ್ಬಳೇ ಮಗಳು, ಹೆಂಡ್ರಿಕೆ. ಊರಿಗೆಲ್ಲ ರೀಕೆ. ಕೂಸಾಗಿದ್ದಾಗ ಹ್ಯಾಂಡಲ್ಲಿನ ಮುಂದಿನ ಪುಟ್ಟ ಸೀಟಿನಲ್ಲಿ, ಆಮೇಲೆ ಹಿಂದಿನ ಕ್ಯಾರಿಯರಿನಲ್ಲಿ, ಆಮೇಲೆ ತನ್ನದೇ ಸೈಕಲ್ಲಿನಲ್ಲಿ ಅಪ್ಪನ ಬಲಕ್ಕೆ. ಗಾಳಿ ಜೋರಾದಾಗ ಲಾಮರ್ಟ್ ಒಂದು ಕೈಯಲ್ಲಿ ತನ್ನ ಹ್ಯಾಂಡಲ್ ಹಿಡಿದು ಇನ್ನೊಂದು ಕೈಯನ್ನು ಅವಳ ಬೆನ್ನಿಗಿಟ್ಟು ತಳ್ಳುತ್ತಿದ್ದ. ನಮ್ಮಲ್ಲಿ ಎಲ್ಲ ಅಪ್ಪಂದಿರೂ ಮಾಡುವುದೇ ಇದು. ಆದರೆ ಲಾಮರ್ಟ್ ಮಗಳು ಕಾಲೇಜಿಗೆ ಹೋಗುವಷ್ಟು ದೊಡ್ಡವಳಾದ ಮೇಲೂ ತಳ್ಳುತ್ತಿದ್ದ. "ಅಪ್ಪ, ಎಲ್ರೂ ನೋಡ್ತಾರೆ, ಕೈ ತೆಗಿ" ಎಂದು ಅವಳು ಬೈದರೂ ತೆಗೆಯುತ್ತಿರಲಿಲ್ಲ.

ಊರಿನಲ್ಲಿ ಲಾಮರ್ಟನಿಗೆ ಒಂದೇ ಒಂದು ದೊಡ್ಡಸ್ತಿಕೆಯಿತ್ತು. ಪ್ರತಿ ವಸಂತದಲ್ಲಿ ಶಾಲೆಯ ಹಿರಿಯ ತರಗತಿಯ ಮಕ್ಕಳಿಗೆ ಸೈಕಲ್ ಪರೀಕ್ಷೆ ನಡೆಯುತ್ತದೆ. ಹತ್ತು ಹನ್ನೊಂದು ವಯಸ್ಸಿನ ಹುಡುಗ ಹುಡುಗಿಯರು ಬೆನ್ನಿಗೆ ನಂಬರ್ ಕಟ್ಟಿಕೊಂಡು ಊರು ಸುತ್ತುತ್ತಾರೆ. ಮೂಲೆಮೂಲೆಗೆ ಹಳದಿ ಜಾಕೀಟು ತೊಟ್ಟ ದೊಡ್ಡವರು ನಿಂತು ಯಾರು ಕೈ ತೋರಿಸಿದರು, ಯಾರು ತಿರುಗಿ ನೋಡಿದರು ಎಂದು ಗಮನಿಸುತ್ತಾರೆ. ಬೇಕರಿಯ ಮೂಲೆ ಲಾಮರ್ಟನದು. ಎಲ್ಲಕ್ಕಿಂತ ಕಷ್ಟದ ಮೂಲೆ ಅದು. ನಮ್ಮಲ್ಲಿ ಗಾಡಿಗಳೆಲ್ಲ ರಸ್ತೆಯ ಬಲಬದಿಯಲ್ಲಿ, ಸೈಕಲ್ಲು ಅವಕ್ಕೂ ಬಲಕ್ಕೆ. ನೇರ ಹೋಗುತ್ತಿರುವ ಮಗುವಿನ ಪಕ್ಕದಲ್ಲೇ ಬೇಕರಿಯ ಹಿಲ್‌ಬ್ರಾಂಡ್ ಬೇಕೆಂದೇ ತನ್ನ ವ್ಯಾನ್ ತಂದು ಬಲಕ್ಕೆ ಹೊರಳುವವನಂತೆ ಮಾಡುತ್ತಾನೆ. ನೇರ ಹೋಗುವವರದು ಮೊದಲು, ತಿರುಗುವವರದು ಆಮೇಲೆ: ಇದು ಈ ದೇಶದಲ್ಲಿ ಹಾಲು ಬಿಡುವ ಮುಂಚೆ ಕಲಿಸುವ ಪಾಠ. ಮಗು ಹೋಗಬೇಕು, ಹಿಲ್‌ಬ್ರಾಂಡ್ ನಿಲ್ಲಬೇಕು.

ಹೆದರಿ ನಿಂತ ಮಗುವಿಗೆ ಬೇರೆ ಯಾರಾದರೂ ಆಗಿದ್ದರೆ ಹೋಗಲಿ ಪಾಪ ಎನ್ನುತ್ತಿದ್ದರೇನೋ. ಲಾಮರ್ಟ್ ಅಂಕ ಕಡಿಯುತ್ತಿದ್ದ. "ದಾರಿ ನಿನ್ನದಾದ್ರೆ ಹೋಗ್ಬೇಕು. ನೀನು ಹೋಗ್ತೀಯ ಅಂತ್ಲೇ ಎಲ್ರೂ ಲೆಕ್ಕ ಹಾಕಿರ್ತಾರೆ. ನೀನು ನಿಂತ್ರೆ ಹಿಂದಿರೋರು ಬಂದು ಗುದ್ದುತ್ತಾರೆ" ಎನ್ನುವುದು ಅವನ ವಾದ. ವಾದದಲ್ಲಿ ತಪ್ಪೇನೂ ಇಲ್ಲ. ನಮ್ಮೂರಿನ ಅರ್ಧಕ್ಕರ್ಧ ಜನ ಅವನ ಮೂಲೆ ದಾಟಿಯೇ ದೊಡ್ಡವರಾದವರು.

ಸ್ವಂತ ಮಗಳು ಆ ಮೂಲೆಯಲ್ಲಿ ನಿಂತುಬಿಟ್ಟಳು. ನಂಬರ್ ಕಟ್ಟಿಕೊಂಡು ಜೋರಾಗಿ ಬಂದವಳು ವ್ಯಾನ್ ನೋಡಿದ್ದೇ ತಡ, ಕಾಲು ಊರಿದಳು. ಲಾಮರ್ಟ್ ಅವಳಿಗೂ ಅಂಕ ಕಡಿದ. ಅಷ್ಟಕ್ಕೆ ಬಿಡಬಹುದಿತ್ತು. ಬಿಡಲಿಲ್ಲ. ಅವತ್ತು ಸಂಜೆ ಅಂಗಡಿ ಮುಚ್ಚುತ್ತಿದ್ದ ಹಿಲ್‌ಬ್ರಾಂಡನನ್ನು ವ್ಯಾನ್ ಸಮೇತ ಕರೆದುಕೊಂಡು ಬಂದು ಅದೇ ಮೂಲೆಯಲ್ಲಿ ಮಗಳಿಗೆ ಮತ್ತೆ ಮತ್ತೆ ಅಭ್ಯಾಸ ಮಾಡಿಸಿದ.

"ಯಾಕೆ ನಿಂತೆ?"

"ಅವರು ನನ್ನ ನೋಡೇ ಇಲ್ಲ ಅನ್ನಿಸ್ತು ಅಪ್ಪ."

"ನೋಡೋದು ಅವರ ಕೆಲ್ಸ. ಹೋಗೋದು ನಿನ್ನ ಕೆಲ್ಸ. ಸೈಕಲ್ ಹತ್ತು, ಇನ್ನೊಂದ್ಸಲ."

ಕೊನೆಗೆ ಅವಳು ಅಳುತ್ತಲೇ ನಿಲ್ಲದೆ ದಾಟಿದಳು. ಹಿಲ್‌ಬ್ರಾಂಡ್ ವ್ಯಾನಿನ ಕಿಟಕಿಯಿಂದ ಕೈ ಚಾಚಿ ಅವಳಿಗೊಂದು ಒಣದ್ರಾಕ್ಷಿ ಬನ್ನು ಕೊಟ್ಟ. ಲಾಮರ್ಟನಿಗೆ ಅವತ್ತು ತಾನು ಒಳ್ಳೆಯ ಅಪ್ಪ ಎನಿಸಿತ್ತು.

ಆ ರೀಕೆ ನರ್ಸಿಂಗ್ ಓದಲು ಉಟ್ರೆಕ್ಟಿಗೆ ಹೋದಳು. ಹೋದ ಸೆಪ್ಟೆಂಬರಿನಲ್ಲಿ, ಹಾಡಹಗಲಿನಲ್ಲಿ, ಒಂದು ಅಡ್ಡಬೀದಿಯ ಬಾಯಲ್ಲಿ, ಸೈಕಲ್ ಹಾದಿಯಲ್ಲಿ ನೇರ ಹೋಗುತ್ತಿದ್ದವಳ ಮೇಲೆ ಬಲಕ್ಕೆ ತಿರುಗಿದ ಲಾರಿ ಹತ್ತಿತು. ಆಸ್ಪತ್ರೆಗೆ ಒಯ್ಯುವ ಪ್ರಶ್ನೆಯೇ ಬರಲಿಲ್ಲ.

ಸುದ್ದಿ ತಂದ ಪೊಲೀಸರಿಬ್ಬರು ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತು ಹೇಳಿದ್ದಕ್ಕೆಲ್ಲ ಕೊನೆಯಲ್ಲಿ ಒಂದು ಮಾತು ಸೇರಿಸಿದರು: "ನಿಮ್ಮ ಮಗಳದ್ದು ಏನೂ ತಪ್ಪಿಲ್ಲ. ದಾರಿ ಅವಳದ್ದೇ ಆಗಿತ್ತು." ಆಮೇಲೆ ಪಾದ್ರಿ ಅದನ್ನೇ ಹೇಳಿದರು. ವಿಮೆಯವನು ಹೇಳಿದ. ಡಾಕ್ಟರು ಹೇಳಿದರು. ಕಾರ್ಖಾನೆಯ ಗೆಳೆಯರು ಭುಜ ತಟ್ಟಿ ತಟ್ಟಿ ಹೇಳಿದರು. ಥೂ, ಇದೆಂಥ ಸಮಾಧಾನವೋ! ಸತ್ತವಳಿಗೆ ದಾರಿ ತನ್ನದಾಗಿದ್ದರೆಷ್ಟು, ಇಲ್ಲದಿದ್ದರೆಷ್ಟು? ಪಾಪ, ಅವರಿಗೇನು ಗೊತ್ತು. ಆ ಒಂದು ಮಾತು ಬಿಟ್ಟು ಬೇರೆ ಯಾವ ಮಾತು ಆಡಿದ್ದರೂ ಲಾಮರ್ಟನಿಗೆ ಅಷ್ಟು ತಾಗುತ್ತಿರಲಿಲ್ಲ.

ತಾಗಿತು ಎಂದೆ. ಆದರೆ ತಾಗಿದ್ದು ಅವನಿಗೂ ಗೊತ್ತಾಗಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದವರ ದವಡೆ ಇರುತ್ತದಲ್ಲ, ಮುಟ್ಟಿದರೆ ತನ್ನದಲ್ಲ ಅನಿಸುವ ಹಾಗೆ, ಅವನ ಒಳಗೆಲ್ಲ ಹಾಗೇ ಆಗಿಹೋಗಿತ್ತು. ಅಳು ಬರಲಿಲ್ಲ. ಸಿಟ್ಟು ಬರಲಿಲ್ಲ. ಲಾರಿಯವನ ಹೆಸರು ಕೇಳಿದ, ಮರೆತ. ಕಾರ್ಖಾನೆಗೆ ಹೋದ, ಬಂದ. ಆಲೂಗಡ್ಡೆ ಸುಲಿದ. ಯಾಂತಿನಾ ಉಪ್ಪು ಹಾಕುವುದನ್ನು ಮರೆತ ದಿನವೂ ತಟ್ಟೆ ಖಾಲಿ ಮಾಡಿ ಎದ್ದ. "ರುಚಿ ನೋಡ್ತಿದ್ದೀಯೋ ಹೊಟ್ಟೆಗೆ ಮಣ್ಣು ತುಂಬಿಸ್ತಿದ್ದೀಯೋ?" ಎಂದು ಅವಳು ಕೇಳಿದರೆ "ಚೆನ್ನಾಗಿದೆ" ಎಂದ.

ಒಳಗೆ ಒಂದೇ ಒಂದು ವಿಷಯ ಮಾತ್ರ ಮರಗಟ್ಟದೆ ಉಳಿದಿತ್ತು. ರೀಕೆ ಲಾರಿಯನ್ನು ನೋಡಿದ್ದಳೋ ಇಲ್ಲವೋ? ನೋಡದೆ ಹೋಗಿದ್ದರೆ ಅದು ಗ್ರಹಚಾರ, ಯಾರ ಕೈಯಲ್ಲೂ ಇಲ್ಲದ್ದು. ನೋಡಿಯೂ, ದಾರಿ ತನ್ನದು ಎಂದು ಹೋಗಿದ್ದರೆ ಅವಳನ್ನು ಹಾಗೆ ಹೋಗಲು ಕಲಿಸಿದವನು ಅವನು. ಅಳುತ್ತಾ ಇದ್ದವಳನ್ನು ಹತ್ತಿಸಿ ಹತ್ತಿಸಿ ಕಲಿಸಿದವನು. ಅದನ್ನು ಅವನು ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ. ಯಾಂತಿನಾಗೂ ಹೇಳಲಿಲ್ಲ, ಯಾಂತಿನಾ ಕೇಳಲೂ ಇಲ್ಲ.

ಮಾರ್ಚಿ ತಿಂಗಳಲ್ಲಿ ಶಾಲೆಯ ಟೀಚರ್ ಅನ್ನೆಲೀನ್ ಮನೆಗೆ ಬಂದಳು. ಯಾಂತಿನಾ ಕಾಫಿ ಕೊಟ್ಟಳು, ಬಿಸ್ಕತ್ತಿನ ಡಬ್ಬಿ ತೆರೆದು ಎಲ್ಲರಿಗೂ ಒಂದೊಂದು ಕೊಟ್ಟು ಮುಚ್ಚಿಟ್ಟಳು. ಅನ್ನೆಲೀನ್ ಹವಾಮಾನದ ಬಗ್ಗೆ ಮಾತಾಡಿದಳು, ಶಾಲೆಯ ಸೋರುವ ಮಾಡಿನ ಬಗ್ಗೆ ಮಾತಾಡಿದಳು. ಆಮೇಲೆ ಕಪ್ಪು ಕೆಳಗಿಟ್ಟು ಕೇಳಿದಳು.

"ಲಾಮರ್ಟ್, ಈ ವರ್ಷ ಬೇಕರಿ ಮೂಲೆಗೆ ನೀನು ನಿಲ್ತೀಯಾ? ಬೇಡ ಅನ್ನಿಸಿದ್ರೆ ಬೇಡ. ಯಾರೂ ಏನೂ ಅಂದ್ಕೊಳ್ಳಲ್ಲ. ಆದ್ರೆ ನಿನ್ನ ಕೇಳದೆ ಬೇರೆಯವರನ್ನ ನಿಲ್ಲಿಸೋಕೆ ನನಗೆ ಮನಸ್ಸು ಬರ್ಲಿಲ್ಲ."

"ನೋಡೋಣ" ಎಂದ ಲಾಮರ್ಟ್.

ಅವಳು ಹೋದ ಮೇಲೆ ಯಾಂತಿನಾ ಕಪ್ಪು ತೊಳೆಯುತ್ತಾ, ಬೆನ್ನು ಹಾಕಿಕೊಂಡೇ ಕೇಳಿದಳು. "ಏನು ನೋಡೋದು?"

"ಮೊದ್ಲು ಒಂದು ವಿಷ್ಯ ತಿಳ್ಕೋಬೇಕು. ಆಮೇಲೆ ಹೇಳ್ತೀನಿ."

ಅಪಘಾತ ಆದಾಗ ರೀಕೆಯ ಹಿಂದೆಯೇ ಇನ್ನೊಂದು ಸೈಕಲ್ಲಿನಲ್ಲಿ ಬರುತ್ತಿದ್ದವಳು ಮಿರ್ತೆ. ಉಟ್ರೆಕ್ಟಿನಲ್ಲಿ ರೀಕೆಯ ಜೊತೆ ಒಂದೇ ಮನೆಯಲ್ಲಿದ್ದ ಹುಡುಗಿ, ದಕ್ಷಿಣದ ಕಡಲಂಚಿನ ಜೇಲಂಡಿನ ಕಡೆಯವಳು. ಮಣ್ಣಿಗೆ ಬಂದಿದ್ದಳು, ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತು, ಕಾಫಿಗೂ ನಿಲ್ಲದೆ, ಯಾರ ಕೈಯನ್ನೂ ಕುಲುಕದೆ ಹೊರಟುಹೋಗಿದ್ದಳು. ಊರಿನವರು ಪಟ್ಟಣದ ಹುಡುಗಿಗೆ ರೀತಿ ರಿವಾಜು ಗೊತ್ತಿಲ್ಲ ಎಂದು ಆಡಿಕೊಂಡಿದ್ದರು. ಲಾಮರ್ಟ್ ಅವಳಿಗೆ ಫೋನಿನಲ್ಲಿ ಎರಡು ಸಾಲು ಬರೆದು ಕಳಿಸಿದ: ಶನಿವಾರ ಆ ಬೀದಿಗೆ ಬರುತ್ತೇನೆ, ರೀಕೆ ಲಾರಿಯನ್ನು ನೋಡಿದ್ದಳೇ ಎಂದು ಕೇಳುವುದಿದೆ. ಬಹಳ ಹೊತ್ತಿನ ಮೇಲೆ "ಬರ್ತೀನಿ" ಎಂದು ಉತ್ತರ ಬಂತು.

ಸೈಕಲ್ ಯಾಕೆ ಎಂದರೆ, ಅವನಿಗೆ ಎರಡು ವಿಷಯ ಬೇಕಿತ್ತು. ಒಂದು, ರೀಕೆ ನೋಡಿದಳೇ. ಇನ್ನೊಂದು, ನೋಡಿದ್ದರೆ ನಿಲ್ಲಲು ಆಗುತ್ತಿತ್ತೇ. ಮೊದಲನೆಯದಕ್ಕೆ ಮಿರ್ತೆ ಬೇಕು. ಎರಡನೆಯದಕ್ಕೆ ತನ್ನ ಕಾಲಿಗೆ ಪಳಗಿದ ಸೈಕಲ್ ಬೇಕು, ಹಿಂದಕ್ಕೆ ತುಳಿದರೆ ಎಷ್ಟರಲ್ಲಿ ನಿಲ್ಲುತ್ತದೆ ಎಂದು ಯೋಚಿಸದೆಯೇ ಗೊತ್ತಿರುವ ಸೈಕಲ್. ರೀಕೆ ತುಳಿಯುತ್ತಿದ್ದದ್ದೂ ಅದೇ ಜಾತಿಯ ಬ್ರೇಕಿನದು. ಅವನೇ ಕೊಡಿಸಿದ್ದು.

ಶನಿವಾರ ಬೆಳಿಗ್ಗೆ ಯಾಂತಿನಾ ಬ್ರೆಡ್ಡಿಗೆ ಬೆಣ್ಣೆ ಸವರಿ ಚೀಸ್ ಇಟ್ಟು ಡಬ್ಬಿ ಕಟ್ಟಿದಳು. ಜೊತೆಗೆ ಬರುತ್ತೇನೆ ಎನ್ನಲಿಲ್ಲ. "ಮಫ್ಲರ್ ಹಾಕ್ಕೋ. ಅಲ್ಲಿ ಬಿದ್ದು ಇನ್ನೊಂದು ತಾಪತ್ರಯ ತರ್ಬೇಡ" ಎಂದಳು.

ರೈಲಿನಲ್ಲಿ ಸೈಕಲ್ಲಿಗೂ ಟಿಕೆಟ್ ಬೇಕು. ಸೈಕಲ್ಲನ್ನು ಬೋಗಿಯ ಮೂಲೆಯಲ್ಲಿ ಮಡಚುವ ಸೀಟುಗಳಿಗೆ ಒರಗಿಸಿ, ತಾನೂ ಪಕ್ಕದಲ್ಲಿ ನಿಂತು ಹ್ಯಾಂಡಲ್ ಹಿಡಿದುಕೊಂಡ. ಟಿಕೆಟ್ ನೋಡಲು ಬಂದವನು ನಗೆಮೊಗದ ಆಳು.

"ಏನ್ ಯಜಮಾನ್ರೇ, ಅದಕ್ಕೆ ಕಿಟಕಿ ಪಕ್ಕ ಸೀಟು ಕೊಟ್ಟು ನೀವು ನಿಂತ್ಕೊಂಡಿದ್ದೀರಲ್ಲ!"

"ಬೀಳುತ್ತೆ" ಎಂದ ಲಾಮರ್ಟ್.

"ಉಟ್ರೆಕ್ಟಿಗಾ? ಸುತ್ತಾಡೋಕಾ?"

"ಹೂಂ."

"ಹವಾ ಚೆನ್ನಾಗಿದೆ. ಮಜಾ ಮಾಡಿ."

"ಹೂಂ" ಎಂದ ಲಾಮರ್ಟ್. ಸುಳ್ಳು ಹೇಳಿದೆನೆಂದೂ ಅವನಿಗೆ ಅನಿಸಲಿಲ್ಲ. ಜ್ವೊಲ್ಲೆಯಲ್ಲಿ ರೈಲು ಬದಲಿಸುವಾಗ ಲಿಫ್ಟಿಗೆ ಜನ ತುಂಬಿದ್ದರಿಂದ ಸೈಕಲ್ಲನ್ನು ಮೆಟ್ಟಿಲ ಬದಿಯಲ್ಲಿ ಸೈಕಲ್ ಚಕ್ರಕ್ಕೆಂದೇ ಮಾಡಿದ ಸಪೂರ ಜಾಡಿನಲ್ಲಿ ಉರುಳಿಸಿಕೊಂಡು ಇಳಿದು ಹತ್ತಿದ. ಬೆವರಿದ. ಮಫ್ಲರ್ ತೆಗೆಯಬೇಕೆಂದು ತೋಚಲಿಲ್ಲ.

ಉಟ್ರೆಕ್ಟಿನಲ್ಲಿ ವೊಲ್ಟರ್ ಹೇಳಿದ್ದು ನಿಜವಾಗಿತ್ತು. ನಾಲ್ಕು ದಿಕ್ಕಿನಿಂದಲೂ ಸೈಕಲ್ಲುಗಳೇ. ಒಬ್ಬಳು ಎರಡು ಮಕ್ಕಳನ್ನು, ಒಂದು ನಾಯಿಯನ್ನು ಮುಂದಿನ ಪೆಟ್ಟಿಗೆಯಲ್ಲಿ ತುಂಬಿಕೊಂಡು ಫೋನಿನಲ್ಲಿ ಮಾತಾಡುತ್ತಾ ಹೋದಳು. ಕೈ ತೋರಿಸುವವರಿಲ್ಲ, ಹಿಂದೆ ನೋಡುವವರಿಲ್ಲ. ಬೇಕರಿ ಮೂಲೆಯಲ್ಲಾದರೆ ಇವರಲ್ಲಿ ಒಬ್ಬರೂ ಪಾಸಾಗುತ್ತಿರಲಿಲ್ಲ. ಲಾಮರ್ಟ್ ಪ್ರತಿ ತಿರುವಿಗೂ ಕೈಯನ್ನು ಉದ್ದಕ್ಕೆ ಚಾಚಿ ನಿಧಾನ ತುಳಿದ. ಅವನ ಹಿಂದೆ ಸೈಕಲ್ ಬೆಲ್ಲುಗಳ ಕಾಟ ಶುರುವಾಯಿತು.

"ಯಜಮಾನ್ರೇ, ಬಲಕ್ಕೆ ಸರ್ಕೊಳ್ರಿ! ಪಕ್ಕದಲ್ಲಿ ಅಷ್ಟು ಜಾಗ ಯಾರಿಗೆ ಬಿಟ್ಟಿದ್ದೀರಿ?" ಎಂದು ಒಬ್ಬ ಕೂಗಿ ದಾಟಿಹೋದ.

ನೋಡಿದರೆ ಹೌದು. ಹಾದಿಯ ಬಲಗಡೆ ಒಂದು ಸೈಕಲ್ ಹಿಡಿಸುವಷ್ಟು ಜಾಗ ಖಾಲಿ ಬಿಟ್ಟುಕೊಂಡು ಅವನು ಎಡಬದಿಯಲ್ಲೇ ಬರುತ್ತಿದ್ದ. ಎಷ್ಟು ವರ್ಷದ ಅಭ್ಯಾಸವೋ, ಗೊತ್ತೇ ಇರಲಿಲ್ಲ. ಬಲಕ್ಕೆ ಸರಿದ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮತ್ತೆ ಎಡಕ್ಕೇ ಬಂದಿದ್ದ.

ಆ ಬೀದಿ ವಿಶೇಷದ್ದೇನೂ ಆಗಿರಲಿಲ್ಲ. ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಚಪ್ಪಲಿ ಅಂಗಡಿ, ಹೇರ್ ಕಟಿಂಗ್ ಅಂಗಡಿ. ನಡುವೆ ಬಲಕ್ಕೊಂದು ಕಿರಿದಾದ ಅಡ್ಡಬೀದಿ. ಸಿಗ್ನಲ್ ಇಲ್ಲ. ಇಲ್ಲೇನೋ ಆಯಿತೆಂದು ಹೇಳುವ ಗುರುತು ಒಂದೂ ಇಲ್ಲ. ಲಾಮರ್ಟ್ ಇಳಿದು ನೋಡಿದ, ಆಮೇಲೆ ಹಿಂದಕ್ಕೆ ಹೋಗಿ ಹತ್ತಿ ಮಗಳ ವೇಗದಲ್ಲಿ ತುಳಿದುಕೊಂಡು ಬಂದ. ಅಡ್ಡಬೀದಿಯ ಬಾಯಿಗೆ ಬಂದಾಗ ಹಿಂದಕ್ಕೆ ತುಳಿದ. ಸೈಕಲ್ ಕಿರ್ರೆಂದು ತನ್ನ ಉದ್ದದಷ್ಟರಲ್ಲೇ ನಿಂತಿತು. ಮತ್ತೆ ಹೋಗಿ ಮತ್ತೆ ಬಂದ. ಮತ್ತೆ ನಿಂತಿತು. ಹೇರ್ ಕಟಿಂಗ್ ಅಂಗಡಿಯವಳು ಬಾಗಿಲಿಗೆ ಬಂದು ಈ ಮುದುಕನಿಗೇನಾಗಿದೆ ಎಂಬಂತೆ ನೋಡಿದಳು.

ಇನ್ನೊಂದು ಸಲ ಬರುವಾಗ ನಿಜವಾಗಿಯೂ ಒಂದು ವ್ಯಾನ್ ಅವನ ಎಡಕ್ಕೆ ಬಂತು. ಬಲಕ್ಕೆ ದೀಪ ಮಿಣುಕಿಸಿತು. ಲಾಮರ್ಟ್ ಯೋಚಿಸಿರಲಿಲ್ಲ, ಕಾಲು ತಾನಾಗಿ ಹಿಂದಕ್ಕೆ ತುಳಿದಿತ್ತು. ವ್ಯಾನೂ ನಿಂತಿತು. ಒಳಗಿನವನು ಹೋಗಿ ಹೋಗಿ ಎಂದು ಕೈ ಬೀಸಿದ. ಲಾಮರ್ಟ್ ಹೋಗಲಿಲ್ಲ.

"ಹೋಗ್ರೀ, ನಿಮ್ಮದೇ ದಾರಿ! ಏನ್ ನಿದ್ದೆ ಹೊಡೀತಿದ್ದೀರಾ?" ಹಿಂದಿನಿಂದ ಯಾರೋ ಬೈದರು.

ಅವನು ಇಳಿದು ಸೈಕಲ್ಲನ್ನು ಫುಟ್‌ಪಾತಿಗೆ ಎತ್ತಿಕೊಂಡ. ನಿಲ್ಲಬಹುದಿತ್ತು. ನೋಡಿದ್ದರೆ ಖಂಡಿತ ನಿಲ್ಲಬಹುದಿತ್ತು. ಈ ಮುಪ್ಪಿನ ಕಾಲಿಗೇ ಆಗಿದ್ದು ಅವಳ ಎಳೆ ಕಾಲಿಗೆ ಆಗುತ್ತಿರಲಿಲ್ಲವೇ? ಹಾಗಾದರೆ ನೋಡಿದ್ದಳೇ ಎಂಬುದೊಂದೇ ಈಗ ಉಳಿದದ್ದು.

"ಐಸಿಂಗ್ ಅವರೇ" ಎಂದಿತು ಒಂದು ಸಣ್ಣ ದನಿ.

ಮಿರ್ತೆ ಚಪ್ಪಲಿ ಅಂಗಡಿಯ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ. ತೆಳ್ಳಗಾಗಿದ್ದಳು. ಅಮ್ಮನದೋ ಏನೋ ಎನ್ನುವಂಥ ದೊಡ್ಡ ಕೋಟು ತೊಟ್ಟಿದ್ದಳು.

"ಸೈಕಲ್ ಎಲ್ಲಿ ಬಿಟ್ಟೆ?" ಎಂದ ಲಾಮರ್ಟ್. ಬೇರೆ ಏನು ಹೇಳಬೇಕೆಂದು ತೋಚದೆ ಕೇಳಿದ್ದು.

"ಬಸ್ಸಲ್ಲಿ ಬಂದೆ. ಸೈಕಲ್ ಮಾರ್ಬಿಟ್ಟೆ."

ಕಾಲುವೆಯ ದಂಡೆಯ ಬೆಂಚಿನ ಮೇಲೆ ಇಬ್ಬರೂ ಕೂತರು. ಲಾಮರ್ಟ್ ಡಬ್ಬಿ ತೆರೆದು ಅವಳಿಗೊಂದು ಬ್ರೆಡ್ಡು ಕೊಟ್ಟ, ತಾನೊಂದು ತಗೊಂಡ. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತಿನ್ನದೆ ಕೂತಳು. ಅವನು ತಿಂದು ಮುಗಿಸಿ ಕೈ ಒರೆಸಿಕೊಂಡು ಕೇಳಿದ.

"ಹೇಳಮ್ಮ. ಅವಳು ನೋಡಿದ್ಲಾ?"

"ನೋಡಿದ್ಲು" ಎಂದಳು ಮಿರ್ತೆ.

ಲಾಮರ್ಟನಿಗೆ ಏನೂ ಆಗಲಿಲ್ಲ. ಸರಿ, ಆಯಿತು, ಗೊತ್ತಾಯಿತು ಎಂದುಕೊಂಡ. ಎದ್ದು ಹೊರಡುವುದೊಂದೇ ಬಾಕಿ ಎನಿಸಿ ಡಬ್ಬಿಯ ಮುಚ್ಚಳ ಹುಡುಕತೊಡಗಿದ.

"ನೋಡಿ ನಿಂತ್ಲು" ಎಂದಳು ಮಿರ್ತೆ.

"ಏನು?"

"ನಿಂತ್ಲು. ಕಾಲು ಕೆಳಗಿಟ್ಟು ನಿಂತ್ಲು. ಪೊಲೀಸರಿಗೆ ನಾನು ಇದನ್ನ ಹೇಳಿಲ್ಲ. ಯಾರಿಗೂ ಹೇಳಿಲ್ಲ, ನಮ್ಮಮ್ಮನಿಗೂ ಹೇಳಿಲ್ಲ." ಅವಳು ಕಾಲುವೆಯ ನೀರನ್ನು ನೋಡಿಕೊಂಡು ಒಂದೇ ಉಸಿರಿಗೆ ಹೇಳತೊಡಗಿದಳು. "ಲಾರಿನೂ ನಿಧಾನ ಆಯ್ತು. ನಿಂತ ಹಾಗೇ ಆಯ್ತು. ಅವಳು ಹಾಗೆ ಗಕ್ಕಂತ ನಿಂತಿದ್ದಕ್ಕೆ ನಾನು ಹಿಂದಿನಿಂದ ಹೋಗಿ ಅವಳ ಚಕ್ರಕ್ಕೆ ಗುದ್ದೋಳಿದ್ದೆ. ನಂಗೆ ನಗು ಬಂತು. 'ಹೋಗೇ ಪುಕ್ಕಲಿ, ದಾರಿ ನಮ್ದು!' ಅಂತ ಕೂಗಿದೆ. ಅವಳೂ ನಕ್ಕು ಹೊರಟ್ಲು. ಅಷ್ಟೇ. ಮೊಟ್ಟೆ ತರೋಕೆ ಹೊರಟಿದ್ವಿ. ಏನೂ ಅವಸರ ಇರ್ಲಿಲ್ಲ. ನಾನು ಕೂಗದೆ ಇದ್ದಿದ್ರೆ ಅವಳು ಅಲ್ಲೇ ನಿಂತಿರ್ತಿದ್ಲು."

ಎಷ್ಟು ತಿಂಗಳ ಮೇಲೆ ಲಾಮರ್ಟನ ಒಳಗೆ ಏನೋ ಅಲುಗಿದ್ದು! ಮತ್ತೆ ಅಲುಗಿದ್ದಾದರೂ ಏನು? ದುಃಖವಲ್ಲ. ಹೇಳಲು ನಾಚಿಕೆಯಾಗಬೇಕು, ಆದರೆ ಇದ್ದದ್ದು ಇದ್ದ ಹಾಗೆ ಹೇಳಬೇಕು: ಅದು ಬಿಡುಗಡೆ. ಅಬ್ಬಾ, ನಾನಲ್ಲ. ನನ್ನ ಮಗಳು ನಿಂತಿದ್ದಳು. ನಾನು ಎಷ್ಟು ತಲೆಗೆ ತುಂಬಿದರೂ ಅವಳು ಕೊನೆಗೆ ತನ್ನ ಬುದ್ಧಿಯ ಮಾತೇ ಕೇಳಿ ಕಾಲೂರಿದ್ದಳು. ನಾನಲ್ಲ, ದೇವರೇ, ನಾನಲ್ಲ. ಅವನ ಕೈಯಿಂದ ಡಬ್ಬಿಯ ಮುಚ್ಚಳ ಜಾರಿ ನೆಲಕ್ಕೆ ಬಿತ್ತು.

ಅದನ್ನು ಎತ್ತಲು ಬಗ್ಗಿದವನು ಹುಡುಗಿಯ ಕಾಲು ನೋಡಿದ. ಬೂಟುಗಳೆರಡನ್ನೂ ಒಂದಕ್ಕೊಂದು ಒತ್ತಿ ಹಿಡಿದಿದ್ದಳು. ಬ್ರೆಡ್ಡು ಅವಳ ಮುಷ್ಟಿಯಲ್ಲಿ ಹಿಂಡಿ ಹಿಟ್ಟಾಗಿತ್ತು. ಅವಳಿಗೆ ರೀಕೆಯದೇ ವಯಸ್ಸು. ಇನ್ನೂ ಎಷ್ಟು ವರ್ಷ ಬದುಕಬೇಕೋ, ಅಷ್ಟು ವರ್ಷವೂ ಇದನ್ನು ಹೊತ್ತುಕೊಂಡು.

ಅವನು ಮುಚ್ಚಳ ಹಾಕಿ ಡಬ್ಬಿಯನ್ನು ಪಕ್ಕಕ್ಕಿಟ್ಟ.

"ನೀನು ಕೂಗದೆ ಇದ್ದಿದ್ರೂ ಅವಳು ಹೋಗ್ತಿದ್ಲು" ಎಂದ.

"ಇಲ್ಲ. ನಿಂತಿದ್ಲು. ನಾನು ಕಣ್ಣಾರೆ ನೋಡಿದ್ದೀನಿ."

"ನಿಂತಿದ್ಲು, ಸರಿ. ಒಂದು ಗಳಿಗೆ ಎಲ್ರೂ ನಿಲ್ತಾರೆ. ಆಮೇಲೆ ಹೊರಡ್ತಾರೆ. ಕೇಳಿಲ್ಲಿ. ದಾರಿ ನಿನ್ನದಾದ್ರೆ ಹೋಗ್ಲೇಬೇಕು ಅಂತ ಅವಳಿಗೆ ಹೇಳ್ಕೊಟ್ಟಿದ್ದು ನಾನು. ಅವಳು ಹನ್ನೊಂದು ವರ್ಷದವಳಿದ್ದಾಗ ಒಂದ್ಸಲ ಹೆದರಿ ನಿಂತಿದ್ಲು. ಅವಳು ಅಳ್ತಾ ಇದ್ರೂ ಬಿಡದೆ ನಿಲ್ಲದೆ ಹೋಗೋದನ್ನ ಕಲಿಸ್ದೆ. ಅವತ್ತಿನಿಂದ ಅವಳು ಎಲ್ಲೂ ನಿಂತೋಳೇ ಅಲ್ಲ. ನಮ್ಮೂರಲ್ಲಿ ಯಾರನ್ನ ಬೇಕಾದ್ರೂ ಕೇಳು. ನೀನು ಕೂಗಿದ್ದು ಅವಳ ಕಿವಿಗೆ ಬಿತ್ತೋ ಇಲ್ವೋ. ಅವಳ ಕಿವಿಯಲ್ಲಿದ್ದದ್ದು ನನ್ನ ಮಾತು."

"ನಕ್ಳಲ್ಲ... ನಾನು ಕೂಗಿದ್ದಕ್ಕೆ ನಕ್ಳಲ್ಲ."

"ಅವಳು ಸುಮ್ಸುಮ್ನೆ ನಗೋಳು" ಎಂದ ಲಾಮರ್ಟ್. "ನಾನು ಅವಳ ಅಪ್ಪ. ನಂಗೊತ್ತಿಲ್ದೆ ನಿಂಗೊತ್ತಾ? ಅದು ನನ್ನಿಂದ ಆಗಿದ್ದು. ನಿನ್ನಿಂದ ಅಲ್ಲ."

ಮಿರ್ತೆ ಮುಖ ಮುಚ್ಚಿಕೊಂಡು ಅಳತೊಡಗಿದಳು. ಬಿಕ್ಕಿ ಬಿಕ್ಕಿ, ಮೂಗು ಸೋರಿಸಿಕೊಂಡು, ಮಕ್ಕಳು ಅಳುವ ಹಾಗೆ. ಲಾಮರ್ಟ್ ಮಫ್ಲರ್ ಬಿಚ್ಚಿ ಅವಳ ಕೈಗಿಟ್ಟ. ತನಗೂ ಅಳು ಬರಬಹುದೇನೋ ಎಂದು ಕಾದ. ಬರಲಿಲ್ಲ. ಒಳಗೆ ಒಂದು ಗಳಿಗೆ ಅಲುಗಿದ್ದು ಮತ್ತೆ ತಣ್ಣಗೆ ಕೂತಿತ್ತು. ಅವನು ಅವಳ ಬೆನ್ನಿನ ಮೇಲೆ ಕೈಯಿಟ್ಟುಕೊಂಡು, ಅವಳ ಬಸ್ಸಿನ ಹೊತ್ತಾಗುವ ತನಕ ಕೂತಿದ್ದ.

ವಾಪಸ್ಸು ರೈಲಿನಲ್ಲಿ ಅನ್ನೆಲೀನಳಿಗೆ ಫೋನ್ ಮಾಡಿದ.

"ಮೂಲೆಗೆ ನಿಲ್ತೀನಿ. ಆದ್ರೆ ನಿಂತ ಮಕ್ಕಳಿಗೆ ಅಂಕ ಕಡಿಯಲ್ಲ."

"ನಿಯಮ ಹಾಗಿಲ್ಲವಲ್ಲ ಲಾಮರ್ಟ್..."

"ಹಾಗಾದ್ರೆ ಬೇರೆಯವರನ್ನ ನೋಡ್ಕೋ."

"ಬಾ" ಎಂದಳು.

ಅವನು ಮನೆ ಮುಟ್ಟಿದಾಗ ಯಾಂತಿನಾ ಅಡುಗೆ ಮುಗಿಸಿ ಮೇಜಿನ ಮುಂದೆ ಕೂತಿದ್ದಳು. ಮಫ್ಲರ್ ಎಲ್ಲಿ ಎಂದು ಕೇಳಲಿಲ್ಲ. ಆಲೂಗಡ್ಡೆ ಬಡಿಸಿದಳು, ಸಾಸೇಜ್ ಬಡಿಸಿದಳು. ಅವನು ಒಂದು ತುತ್ತು ತಿನ್ನುವ ತನಕ ಕಾದು ನೇರ ಕೇಳಿದಳು.

"ಏನಂದ್ಲು ಆ ಹುಡುಗಿ?"

ಹೆಂಡತಿಗೆ ಸುಳ್ಳು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ. ಎಲ್ಲವನ್ನೂ ಹೇಳಿದ. ರೀಕೆ ನೋಡಿದ್ದು, ನಿಂತದ್ದು, ಹುಡುಗಿ ಕೂಗಿದ್ದು, ತಾನು ಅವಳಿಗೆ ಹೇಳಿದ್ದು. ಯಾಂತಿನಾ ಚಮಚ ಕೆಳಗಿಟ್ಟು ಕೇಳಿಸಿಕೊಂಡಳು. ಮುಗಿದ ಮೇಲೆ ಅವಳ ಮುಖ ವಕ್ರವಾಯಿತು. ಮೇಜಿನಾಚೆಯಿಂದ ಕೈ ಚಾಚಿ ಅವನ ತೋಳಿನ ಬಟ್ಟೆ ಹಿಡಿದುಕೊಂಡಳು.

"ಇಷ್ಟು ದಿನ ನಾನೂ ನಿನ್ನಿಂದ್ಲೇ ಆಯ್ತು ಅಂದ್ಕೊಂಡಿದ್ದೆ ಲಾಮರ್ಟ್" ಎಂದಳು. "ಒಂದೇ ಮಂಚದಲ್ಲಿ ಮಲಗಿ, ದಿನಾ ಅದನ್ನೇ ಅಂದ್ಕೊಳ್ತಿದ್ದೆ."

"ಗೊತ್ತಿತ್ತು" ಎಂದ ಲಾಮರ್ಟ್. "ಯಾರಾದ್ರೂ ಕೇಳಿದ್ರೆ ನನ್ನಿಂದ್ಲೇ ಅಂತ ಹೇಳು."